ಗುಳಿಗೆಗೆ ದಾರಿ ತೋರಿಸುವವರಾರು?

ಬಹಳ ವರ್ಷಗಳ ಹಿಂದೆ, ಶುಶ್ರೂಷಾ ವಿದ್ಯಾರ್ಥಿನಿಯರಿಗೆ ಔಷಧಗಳ ಪಾಠ ಹೇಳುವ ಕೆಲಸಕ್ಕೆ ನಾನು ಹೊಸದಾಗಿ ಸೇರಿದ್ದ ದಿನಗಳಲ್ಲಿ, ಎರಡು ಮಂಡಿಗಳೂ ಊದಿ ಹೆಜ್ಜೆಯಿಡಲಾರದೆ ಹೆಂಗಸರ ವಾರ್ಡನ್ನು ಸೇರಿದ್ದ ಹಳ್ಳಿಯ ವೃದ್ಧೆಯೊಬ್ಬಳು, ಸಂಜೆಯ ಔಷಧದ ತಟ್ಟೆಯನ್ನು ಹಿಡಿದು ಮಂಚದ ಬಳಿಗೆ ಬಂದ ವಿದ್ಯಾರ್ಥಿನಿಯನ್ನು ತಡೆದು ನಿಲ್ಲಿಸಿ, ಅಂಗೈಯಲ್ಲಿದ್ದ ಗುಳಿಗೆಯನ್ನು ಹಿಂದೆ ಮುಂದೆ ಹೊರಳಿಸಿ ನೋಡಿ, "ಅಲ್ಲ ಸಿಸ್ಟ್ರಮ್ಮ, ನೋವಿರೋದು ಮಂಡೀಲಿ, ಗುಳ್ಗೆ ಹೋಗೋದು ಹೊಟ್ಟೆಗೆ. ಮಂಡಿ ಎಲ್ಲದೆ ಅಂತ ಇದ್ಕೆ ದಾರಿ ತೋರ್ಸೋರು ಯಾರವ್ವ?" ಎಂದು ಕೇಳಿದಳು. ಹುಡುಗಿ ನಕ್ಕು, "ನುಂಗಜ್ಜಿ, ಅದಕ್ಕೆಲ್ಲ ಗೊತ್ತಾಗುತ್ತೆ" ಎಂದು ನೀರಿನ ಲೋಟವನ್ನು ಮುಂದೆ ಹಿಡಿದಳು.

ಆ ವಿದ್ಯಾರ್ಥಿನಿ ಬುದ್ಧಿವಂತೆ. ನೋವಿನ ಗುಳಿಗೆಗಳ ಅಡ್ಡಪರಿಣಾಮಗಳ ಪಟ್ಟಿಯನ್ನು ಒಂದೂ ತಪ್ಪದಂತೆ ಒಪ್ಪಿಸಬಲ್ಲವಳಾಗಿದ್ದಳು. ಹೊಟ್ಟೆಯಲ್ಲಿ ಹುಣ್ಣು, ರಕ್ತಸ್ರಾವ, ಮೂತ್ರಪಿಂಡಕ್ಕೆ ಹಾನಿ, ಕೆಲವರಲ್ಲಿ ಉಬ್ಬಸ, ಕಾಲಿನ ಬಾವು ಎಂದು ಬೆರಳು ಮಡಿಸುತ್ತ ಹೇಳುತ್ತಿದ್ದಳು. ಆದರೆ ಮಂಡಿಯ ನೋವನ್ನು ಶಮನಗೊಳಿಸುವ ಪದಾರ್ಥವೊಂದು ಹೊಟ್ಟೆಯನ್ನೂ ಮೂತ್ರಪಿಂಡವನ್ನೂ ಏಕೆ ನೋಯಿಸಬೇಕೆಂಬ ಪ್ರಶ್ನೆಯನ್ನು ಅವಳ ಪುಸ್ತಕವೂ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಕೇಳಿದವಳು ಅಕ್ಷರ ಬಾರದ ಆ ಅಜ್ಜಿ. ಈ ಅಧ್ಯಾಯವು ಅವಳ ಪ್ರಶ್ನೆಗೆ ಉತ್ತರ.

ಗುಳಿಗೆಗೆ ಏನೂ ಗೊತ್ತಿಲ್ಲ

ನುಂಗಿದ ಗುಳಿಗೆಯು ಜಠರದಲ್ಲಿಯೂ ಕರುಳಿನಲ್ಲಿಯೂ ಕರಗಿ, ಕರುಳಿನ ಗೋಡೆಯ ಮೂಲಕ ರಕ್ತಕ್ಕೆ ಇಳಿದು, ಮೊದಲು ಯಕೃತ್ತನ್ನು ಹಾದು, ಅಲ್ಲಿಂದ ಹೃದಯಕ್ಕೂ, ಹೃದಯದಿಂದ ಸರ್ವಾಂಗಕ್ಕೂ ಹೋಗುತ್ತದೆ. ವಿಶ್ರಾಂತಿಯಲ್ಲಿರುವ ಮನುಷ್ಯನ ರಕ್ತವೆಲ್ಲ ದೇಹವನ್ನು ಒಂದು ಸುತ್ತು ಸುತ್ತಿ ಬರಲು ಸುಮಾರು ಒಂದು ನಿಮಿಷ ಸಾಕು. ಆದಕಾರಣ ರಕ್ತಕ್ಕಿಳಿದ ಔಷಧವು ಸ್ವಲ್ಪ ಹೊತ್ತಿನಲ್ಲಿಯೇ ನೋಯುವ ಮಂಡಿಗೂ ನೋಯದ ಮೊಣಕೈಗೂ, ಮಿದುಳಿಗೂ, ಜಠರದ ಗೋಡೆಗೂ, ಗರ್ಭಿಣಿಯಾದರೆ ಒಡಲಿನ ಕೂಸಿಗೂ ತಲಪಿರುತ್ತದೆ. ಕುದಿಯುವ ಹುಳಿಗೆ ಹಾಕಿದ ಉಪ್ಪು ಬೇಳೆಗೆ ಮಾತ್ರ ಹಿಡಿದು ಬದನೆಕಾಯಿಯನ್ನು ಬಿಟ್ಟುಬಿಡುವುದುಂಟೆ?

ಹಾಗಾದರೆ ಮಂಡಿಯೊಂದಕ್ಕೇ ಗುಣ ಕಂಡಂತಾಗುವುದೇಕೆ? ನೋವಿದ್ದದ್ದು ಅಲ್ಲಿ ಮಾತ್ರವಾದುದರಿಂದ, ನೋವು ಹೋದದ್ದು ಅಲ್ಲಿ ಮಾತ್ರ ನಮಗೆ ತಿಳಿಯುತ್ತದೆ. ಔಷಧವು ಅದೇ ಹೊತ್ತಿನಲ್ಲಿ, ಅದೇ ಕೆಲಸವನ್ನು, ದೇಹದ ನೂರು ಕಡೆಗಳಲ್ಲಿ ಮಾಡುತ್ತಿರುತ್ತದೆ. ಅದು ನಮಗೆ ಕಾಣುವುದಿಲ್ಲವಷ್ಟೆ. ಆ ಕೆಲಸ ಯಾವುದೆಂಬುದನ್ನು ಈಗ ನೋಡಬೇಕು.

ಊರಿಗೊಬ್ಬ ಶಾನುಭೋಗ

ಹಿಂದಿನ ಕಾಲದ ಒಂದು ಹಳ್ಳಿಯನ್ನು ನೆನೆಯೋಣ. ಓದುಬರಹ ಬಲ್ಲವನು ಊರಿಗೆಲ್ಲ ಶಾನುಭೋಗನೊಬ್ಬನೇ. ಕೆರೆಯ ತೂಬನ್ನು ಎತ್ತಬೇಕಾದರೆ ನೀರುಗಂಟಿಗೆ ಅವನ ಓಲೆ ಹೋಗಬೇಕು. ಮಳೆಗೆ ಕರಗಿದ ಗೋಡೆಗೆ ಮಣ್ಣು ಮೆತ್ತಿಸಬೇಕಾದರೂ ಅವನ ಓಲೆಯೇ. ಬೀದಿಯಲ್ಲಿ ಹೊಡೆದಾಟವಾಯಿತೆಂದು ಪಟೇಲನಿಗೆ ತಿಳಿಸಬೇಕಾದರೂ ಅವನ ಓಲೆಯೇ. ಹೊಡೆದಾಟದ ಗದ್ದಲ ಕೇಳಿ ಕೇಳಿ ಬೇಸತ್ತ ಯಾರೋ ಒಬ್ಬರು, ದೂರು ಬರೆಯುವವನೇ ಇಲ್ಲದಿದ್ದರೆ ಗದ್ದಲವಾದರೂ ತಪ್ಪೀತೆಂದು ಶಾನುಭೋಗನ ಕೈಯನ್ನು ಕಟ್ಟಿಹಾಕಿದರೆನ್ನಿ. ದೂರು ಹೋಗುವುದು ನಿಲ್ಲುತ್ತದೆ, ನಿಜ. ಆದರೆ ತೂಬಿನ ಓಲೆಯೂ ಗೋಡೆಯ ಓಲೆಯೂ ಅದರೊಡನೆಯೇ ನಿಲ್ಲುತ್ತವೆ.

ನಮ್ಮ ದೇಹದ ಕೋಶಗಳು ನೆರೆಹೊರೆಯ ಕೋಶಗಳಿಗೆ ಕಳುಹಿಸಿಕೊಳ್ಳುವ, ಕ್ಷಣಕಾಲ ಬದುಕಿ ಅಳಿಯುವ ಇಂತಹ ಓಲೆಗಳಿಗೆ ವಿಜ್ಞಾನಿಗಳು ಪ್ರೊಸ್ಟಗ್ಲ್ಯಾಂಡಿನ್ ಎಂದು ಹೆಸರಿಟ್ಟಿದ್ದಾರೆ. 1930ರ ದಶಕದಲ್ಲಿ ಸ್ವೀಡನ್ನಿನ ಉಲ್ಫ್ ಫಾನ್ ಆಯ್ಲರ್ ಇವನ್ನು ವೀರ್ಯದಲ್ಲಿ ಕಂಡು, ಪ್ರಾಸ್ಟೇಟ್ ಗ್ರಂಥಿಯಿಂದ ಬಂದಿರಬೇಕೆಂದು ಭಾವಿಸಿ ಇಟ್ಟ ಹೆಸರು ಅದು. ದೇಹದ ಬಹುಮಟ್ಟಿಗೆ ಎಲ್ಲ ಅಂಗಗಳಲ್ಲಿಯೂ ಇವು ಹುಟ್ಟುತ್ತವೆಂದು ಆಮೇಲೆ ತಿಳಿದರೂ ಹೆಸರು ಹಾಗೆಯೇ ನಿಂತಿತು. ನಾವು ಇವನ್ನು ನೆರೆಯೋಲೆಗಳೆಂದು ಕರೆಯೋಣ. ಕೋಶದ ಹೊದಿಕೆಯಿಂದ ಕಿತ್ತುಬಂದ ಕೊಬ್ಬಿನ ತುಣುಕೊಂದನ್ನು ನೆರೆಯೋಲೆಯಾಗಿ ಮಾರ್ಪಡಿಸುವ ಕಿಣ್ವವಾದ ಸೈಕ್ಲೊಆಕ್ಸಿಜನೇಸನ್ನು ಕರಣಿಕ ಕಿಣ್ವವೆಂದು ಕರೆಯೋಣ.

ಮಂಡಿಯ ಕೀಲಿನೊಳಗೆ ಸವೆತವೋ ಉರಿಯೂತವೋ ಆದಾಗ ಕರಣಿಕನು ಬರೆಯುವ ಓಲೆಗಳಿಂದ ರಕ್ತನಾಳಗಳು ಹಿಗ್ಗಿ, ಆ ಜಾಗ ಬಿಸಿಯಾಗಿ, ಬಾವೇರುತ್ತದೆ. ನರಗಳ ತುದಿಗಳು, ಸುಲಿದ ಚರ್ಮಕ್ಕೆ ಬಟ್ಟೆ ಸೋಕಿದರೂ ಉರಿಯುವಂತೆ, ಸೂಕ್ಷ್ಮಗೊಳ್ಳುತ್ತವೆ. ಓಲೆಯು ನೋವನ್ನು ತಾನಾಗಿ ಹುಟ್ಟಿಸುವುದಕ್ಕಿಂತ ಹೆಚ್ಚಾಗಿ, ಸಣ್ಣ ನೋವನ್ನು ದೊಡ್ಡದಾಗಿ ಕೇಳಿಸುತ್ತದೆ. ಸೋಂಕು ತಗಲಿದಾಗ ಮಿದುಳಿನ ತಳದಲ್ಲಿರುವ ಉಷ್ಣನಿಯಂತ್ರಣದ ಕೇಂದ್ರಕ್ಕೆ ಇದೇ ಓಲೆ ಹೋಗಿ, ದೇಹದ ಬಿಸಿಯನ್ನು ಇನ್ನೆರಡು ಡಿಗ್ರಿ ಏರಿಸೆಂದು ತಿಳಿಸುತ್ತದೆ, ಅದೇ ಜ್ವರ. ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್ ಮೊದಲಾದ ನೋವಿನ ಗುಳಿಗೆಗಳೆಲ್ಲ ಮಾಡುವುದು ಒಂದೇ ಕೆಲಸ: ಅವು ಕರಣಿಕನ ಕೈಯನ್ನು ಕಟ್ಟುತ್ತವೆ.

ಎರಡು ಶತಮಾನಗಳ ಕತ್ತಲೆ

ಇಷ್ಟು ಸರಳವಾದ ಮಾತನ್ನು ಅರಿಯಲು ಮನುಷ್ಯನಿಗೆ ಹಿಡಿದ ಕಾಲ ಅಲ್ಪವಲ್ಲ. ಇಂಗ್ಲೆಂಡಿನ ಚಿಪ್ಪಿಂಗ್ ನಾರ್ಟನ್ ಎಂಬ ಊರಿನ ಪಾದ್ರಿ ಎಡ್ವರ್ಡ್ ಸ್ಟೋನ್ ಎಂಬಾತನು ವಿಲ್ಲೋ ಮರದ ತೊಗಟೆಯನ್ನು ನಾಲಗೆಗೆ ಹಚ್ಚಿ ನೋಡಿ, ಆ ಕಹಿಯಲ್ಲಿ ಚಳಿಜ್ವರದ ಸಿಂಕೋನಾ ತೊಗಟೆಯ ನೆನಪು ತೋರಲು, ಅದನ್ನು ಒಣಗಿಸಿ ಪುಡಿಮಾಡಿ ಜ್ವರಪೀಡಿತರಾದ ಸುಮಾರು ಐವತ್ತು ಜನರಿಗೆ ಕೊಟ್ಟು, ಕಂಡ ಗುಣವನ್ನು 1763ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದು ತಿಳಿಸಿದನು. ಆ ಕಹಿಯ ಸಾರದಿಂದ ಬಂದ ಸ್ಯಾಲಿಸಿಲಿಕ್ ಆಮ್ಲವು ಹೊಟ್ಟೆಗೆ ಬಲು ಕಠಿನವಾಗಿತ್ತು. ಅದನ್ನು ಸೌಮ್ಯಗೊಳಿಸುವ ಯತ್ನದಲ್ಲಿ ಜರ್ಮನಿಯ ಬೇಯರ್ ಸಂಸ್ಥೆಯ ಫೆಲಿಕ್ಸ್ ಹಾಫ್‌ಮನ್ 1897ರಲ್ಲಿ ಶುದ್ಧರೂಪದಲ್ಲಿ ತಯಾರಿಸಿದ ಪದಾರ್ಥವೇ ಎರಡು ವರ್ಷಗಳ ತರುವಾಯ ಆಸ್ಪಿರಿನ್ ಎಂಬ ಹೆಸರಿನಿಂದ ಮಾರುಕಟ್ಟೆಗೆ ಬಂದಿತು. ಕೋಟ್ಯಂತರ ಜನ ಅದನ್ನು ನುಂಗಿದರು. ಅದು ಹೇಗೆ ಕೆಲಸಮಾಡುತ್ತದೆಂದು ಒಬ್ಬರಿಗೂ ಗೊತ್ತಿರಲಿಲ್ಲ. ಕಡೆಗೆ 1971ರಲ್ಲಿ ಲಂಡನ್ನಿನ ಜಾನ್ ವೇನ್, ಗಿನಿಯಿಲಿಯ ಶ್ವಾಸಕೋಶದ ಸಾರಕ್ಕೆ ಆಸ್ಪಿರಿನ್ನನ್ನು ಬೆರಸಿದಾಗ ನೆರೆಯೋಲೆಗಳ ತಯಾರಿಕೆ ನಿಲ್ಲುವುದನ್ನು ತೋರಿಸಿಕೊಟ್ಟನು. 1982ರಲ್ಲಿ ಸ್ವೀಡನ್ನಿನ ಬರ್ಗ್‌ಸ್ಟ್ರೋಮ್, ಸಾಮುಯೆಲ್ಸನ್ ಇವರೊಡನೆ ಅವನಿಗೆ ನೊಬೆಲ್ ಪಾರಿತೋಷಕ ಸಂದಿತು.

ಸೂಜಿಯ ಮದ್ದು ಹೊಟ್ಟೆಯನ್ನು ಸುಡುವುದೇಕೆ?

"ಗುಳಿಗೆ ಹೊಟ್ಟೆ ಸುಡುತ್ತೆ, ಅದರ ಬದಲು ಇಂಜೆಕ್ಷನ್ನೇ ಕೊಟ್ಟುಬಿಡಿ" ಎಂದು ರೋಗಿಗಳು ಕೇಳುವುದನ್ನು ನೀವು ವಾರ್ಡಿನಲ್ಲಿ ದಿನವೂ ಕೇಳುವಿರಿ. ಗುಳಿಗೆಯು ಬಿದ್ದ ಜಾಗವನ್ನು ಕೆಂಡದಂತೆ ಸುಡುತ್ತದೆಂಬ ಭಾವನೆ ಇದಕ್ಕೆ ಕಾರಣ. ಈ ಭಾವನೆಯಲ್ಲಿ ಸತ್ಯಾಂಶ ಇಲ್ಲದಿಲ್ಲ. ಆಸ್ಪಿರಿನ್ ಜಠರದ ಒಳಪೊರೆಯನ್ನು ನೇರವಾಗಿಯೂ ಸ್ವಲ್ಪ ಕೆರಳಿಸುತ್ತದೆ. ಆದರೆ ಪೃಷ್ಠದ ಸ್ನಾಯುವಿಗೆ ಚುಚ್ಚಿದ ಡೈಕ್ಲೊಫೆನಾಕ್, ಗುದದ್ವಾರದಲ್ಲಿರಿಸಿದ ಡೈಕ್ಲೊಫೆನಾಕ್ ಇವೂ ಜಠರದಲ್ಲಿ ಹುಣ್ಣುಮಾಡಬಲ್ಲವು ಎಂಬುದನ್ನು ನೆನೆದಾಗ, ಮುಖ್ಯ ಕಾರಣ ಬೇರೆಡೆಯಲ್ಲಿದೆಯೆಂದು ಮನಗಾಣಬೇಕಾಗುತ್ತದೆ.

ಮಾಂಸವನ್ನು ಜೀರ್ಣಿಸಬಲ್ಲ ಆಮ್ಲವನ್ನು ತುಂಬಿಟ್ಟುಕೊಂಡಿರುವ ಜಠರವು, ತಾನೇ ಮಾಂಸದಿಂದಾಗಿದ್ದರೂ, ತನ್ನನ್ನು ತಾನು ಜೀರ್ಣಿಸಿಕೊಳ್ಳದಿರುವುದು ಹೇಗೆಂದು ಎಂದಾದರೂ ಯೋಚಿಸಿದ್ದೀರಾ? ಹಳ್ಳಿಯ ಮನೆಯಲ್ಲಿ ಪ್ರತಿ ಬೆಳಗ್ಗೆ ಒಲೆಯನ್ನು ಸಾರಿಸುವಂತೆ, ಜಠರದ ಗೋಡೆಯು ಎಡೆಬಿಡದೆ ಲೋಳೆಯ ಲೇಪವೊಂದನ್ನು ತನಗೆ ತಾನೇ ಬಳಿದುಕೊಳ್ಳುತ್ತಿರುತ್ತದೆ. ಲೇಪದಡಿಯಲ್ಲಿ ಆಮ್ಲವನ್ನು ತಣಿಸುವ ಕ್ಷಾರವನ್ನು ಒಸರುತ್ತದೆ. ಸವೆದ ಜಾಗಕ್ಕೆ ರಕ್ತವನ್ನು ಹರಿಸಿ ದುರಸ್ತಿ ಮಾಡಿಕೊಳ್ಳುತ್ತದೆ. ಈ ಮೂರು ಕೆಲಸಗಳಿಗೂ ಅಪ್ಪಣೆ ನೆರೆಯೋಲೆಯಿಂದಲೇ ಬರತಕ್ಕದ್ದು. ಕರಣಿಕನ ಕೈ ಕಟ್ಟಿದಾಗ ಲೇಪ ತೆಳುವಾಗಿ, ಜಠರವು ತನ್ನ ಆಮ್ಲಕ್ಕೆ ತಾನೇ ಈಡಾಗುತ್ತದೆ. ಔಷಧವು ಬಾಯಿಂದ ಬಂದರೇನು, ಸೂಜಿಯಿಂದ ಬಂದರೇನು, ರಕ್ತದ ಮೂಲಕ ಅದು ಅಲ್ಲಿಗೆ ತಲಪಿಯೇ ತಲಪುತ್ತದೆ. ಊಟದ ಮೇಲೆ ಗುಳಿಗೆ ಕೊಡುವುದರಿಂದ ಹೊಟ್ಟೆಯ ಸಂಕಟ ಕಡಮೆಯಾಗುವುದುಂಟು. ಆದರೆ ಊಟವು ಹುಣ್ಣಿಗೆ ಪೂರ್ಣ ಕಾವಲಲ್ಲ. ವೃದ್ಧರಿಗೂ, ಹಿಂದೆ ಹುಣ್ಣಾಗಿದ್ದವರಿಗೂ ವೈದ್ಯರು ಆಮ್ಲ ಕುಗ್ಗಿಸುವ ಪ್ಯಾಂಟೊಪ್ರಜೋಲ್‌ನಂತಹ ಗುಳಿಗೆಯನ್ನು ಜೊತೆಗೆ ಬರೆಯುವುದು ಇದಕ್ಕಾಗಿಯೇ. ಇಂತಹ ರೋಗಿಯ ಮಲವು ಡಾಂಬರಿನಂತೆ ಕಪ್ಪಾಗಿ, ಅಂಟಂಟಾಗಿ, ದುರ್ವಾಸನೆಯಿಂದ ಕೂಡಿದ್ದರೆ ಒಳಗೆ ರಕ್ತ ಸೋರುತ್ತಿದೆಯೆಂದು ತಿಳಿಯಬೇಕು. ಕಬ್ಬಿಣದ ಗುಳಿಗೆ ನುಂಗುವವರ ಮಲವೂ ಕಪ್ಪಾಗುತ್ತದೆ, ಆದರೆ ಆ ಅಂಟೂ ಆ ವಾಸನೆಯೂ ಅದಕ್ಕಿರುವುದಿಲ್ಲ.

ಅರಗೂ ಕಡ್ಡಿಯೂ

ಕೈ ಕಟ್ಟುವ ರೀತಿಯಲ್ಲಿ ಆಸ್ಪಿರಿನ್ನಿಗೂ ಉಳಿದ ಗುಳಿಗೆಗಳಿಗೂ ಒಂದು ಮಹತ್ತ್ವದ ಭೇದವಿದೆ. ಐಬುಪ್ರೊಫೆನ್ ಬೀಗದ ರಂಧ್ರಕ್ಕೆ ತುರುಕಿದ ಕಡ್ಡಿಯಂತೆ. ಕೆಲವು ಗಂಟೆಗಳಲ್ಲಿ ಅದು ತಾನಾಗಿ ಕಳಚಿಬಿದ್ದು ಬೀಗ ಮತ್ತೆ ತೆರೆಯುತ್ತದೆ. ಆಸ್ಪಿರಿನ್ನಾದರೋ ಅದೇ ರಂಧ್ರಕ್ಕೆ ಕರಗಿಸಿ ಹೊಯ್ದ ಅರಗು. ಆ ಬೀಗ ಇನ್ನು ತೆರೆಯಲಾರದು. ಹೊಸ ಬೀಗವನ್ನೇ ಮಾಡಿಸಬೇಕು. ಸಾಮಾನ್ಯ ಕೋಶಗಳು ಹೊಸ ಕರಣಿಕನನ್ನು ಬೇಗನೆ ತಯಾರಿಸಿಕೊಳ್ಳುತ್ತವೆ. ಆದರೆ ಡೆಂಗಿಯ ಕಾಲದಲ್ಲಿ ಎಲ್ಲರ ಬಾಯಲ್ಲಿಯೂ ಕೇಳಿಬರುವ ಪ್ಲೇಟ್ಲೆಟ್ಟುಗಳೆಂಬ ರಕ್ತದ ಕಿರುಬಿಲ್ಲೆಗಳಿಗೆ ಕೋಶಕೇಂದ್ರವೇ ಇಲ್ಲವಾದುದರಿಂದ ಹೊಸದನ್ನು ಮಾಡಿಕೊಳ್ಳುವ ಶಕ್ತಿಯೂ ಇಲ್ಲ. ಗಾಯವಾದಾಗ "ಬನ್ನಿ, ಇಲ್ಲಿ ಕೂಡಿಕೊಳ್ಳಿ" ಎಂದು ಒಂದು ಬಿಲ್ಲೆ ಮತ್ತೊಂದನ್ನು ಕರೆಯುವುದು ನೆರೆಯೋಲೆಯ ದಾಯಾದಿಯಾದ ಇನ್ನೊಂದು ಓಲೆಯಿಂದ. ಅದನ್ನು ಬರೆಯುವವನೂ ಈ ಕರಣಿಕನೇ. ಒಮ್ಮೆ ಅರಗು ಬಿದ್ದ ಬಿಲ್ಲೆಯು ತನ್ನ ಎಂಟು ಹತ್ತು ದಿನಗಳ ಆಯುಷ್ಯವನ್ನು ಮೂಕವಾಗಿಯೇ ಕಳೆಯುತ್ತದೆ.

75 ಮಿಲಿಗ್ರಾಮಿನ ಸಣ್ಣ ಆಸ್ಪಿರಿನ್ ಹೃದ್ರೋಗಿಗೆ ಕಾವಲಾಗುವುದರ ಗುಟ್ಟು ಇದೇ. ಕರುಳಿನಿಂದ ಯಕೃತ್ತಿಗೆ ಹೋಗುವ ರಕ್ತನಾಳದ ಹಾದಿಯಲ್ಲಿಯೇ ಅದು ಕಿರುಬಿಲ್ಲೆಗಳನ್ನು ಸಂಧಿಸಿ ಅರಗು ಹೊಯ್ದುಬಿಡುತ್ತದೆ. ಯಕೃತ್ತು ಅದರ ಬಲವನ್ನು ಬಹುಭಾಗ ಕಳೆದ ಮೇಲೆ ಮುಂದಿನ ಅಂಗಗಳಿಗೆ ಹೋಗುವುದು ಸ್ವಲ್ಪವೇ. ದಿನಕ್ಕೊಂದು ಸಣ್ಣ ಗುಳಿಗೆಯು ಹೊಸದಾಗಿ ಹುಟ್ಟುವ ಬಿಲ್ಲೆಗಳನ್ನಷ್ಟೇ ನೋಡಿಕೊಂಡರೆ ಸಾಕು. ಎದೆನೋವಿನಿಂದ ಬಂದವನಿಗೆ ಹೃದಯಾಘಾತದ ಶಂಕೆಯಿಂದ 300 ಮಿಲಿಗ್ರಾಮ್ ಆಸ್ಪಿರಿನ್ನನ್ನು ನುಂಗಲು ಹೇಳದೆ ಅಗಿಯಲು ಹೇಳುವುದು, ಅದು ಬೇಗ ರಕ್ತಕ್ಕಿಳಿದು ಈ ಕೆಲಸವನ್ನು ನಿಮಿಷಗಳಲ್ಲಿ ಪ್ರಾರಂಭಿಸಲೆಂದು. ಈ ಅರಗಿನ ಮಾತನ್ನು ನೆನಪಿನಲ್ಲಿಟ್ಟವಳಿಗೆ, ಆಸ್ಪಿರಿನ್ ನುಂಗುವ ರೋಗಿ ಹಲ್ಲು ಕೀಳಿಸಿಕೊಳ್ಳಲೋ ಶಸ್ತ್ರಕ್ರಿಯೆಗೋ ಬಂದಾಗ ವೈದ್ಯರಿಗೆ ಮೊದಲೇ ಏಕೆ ತಿಳಿಸಬೇಕೆಂದು ಹೇಳಿಕೊಡಬೇಕಾಗಿಲ್ಲ. ಅಂತೆಯೇ, ಹೃದಯದ ನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ಆಸ್ಪಿರಿನ್ನನ್ನು ತಾವಾಗಿ ನಿಲ್ಲಿಸುವುದು ಪ್ರಾಣಕ್ಕೆ ಅಪಾಯವೆಂಬುದೂ ಸ್ವಯಂವೇದ್ಯ. ಇನ್ನೂ ಒಂದು ಸೂಕ್ಷ್ಮವಿದೆ: ಐಬುಪ್ರೊಫೆನ್ನನ್ನು ಮೊದಲು ಕೊಟ್ಟು ಆಮೇಲೆ ಆಸ್ಪಿರಿನ್ ಕೊಟ್ಟರೆ, ಕಡ್ಡಿಯಿರುವ ರಂಧ್ರಕ್ಕೆ ಅರಗು ಇಳಿಯಲಾರದೆ ಆ ದಿನದ ಹೃದಯದ ಕಾವಲು ವ್ಯರ್ಥವಾಗಬಹುದು.

ಕಾಯಂ ಕರಣಿಕನೂ ಹಂಗಾಮಿ ಕರಣಿಕನೂ

1990ರ ದಶಕದ ಆರಂಭದಲ್ಲಿ ಕರಣಿಕರು ಇಬ್ಬರಿರುವರೆಂದು ತಿಳಿಯಬಂದಿತು: ಜಠರ, ಕಿರುಬಿಲ್ಲೆ ಮುಂತಾದ ಕಡೆ ನಿತ್ಯದ ಓಲೆಗಳನ್ನು ಬರೆಯುವ ಕಾಯಂ ಕರಣಿಕನೊಬ್ಬ, ಗಾಯ ಉರಿಯೂತಗಳಾದಾಗ ಹೆಚ್ಚಾಗಿ ನೇಮಕಗೊಳ್ಳುವ ಹಂಗಾಮಿ ಕರಣಿಕನೊಬ್ಬ. ಹಂಗಾಮಿಯ ಕೈಯನ್ನು ಮಾತ್ರ ಕಟ್ಟಿದರೆ ನೋವೂ ಹೋದೀತು, ಹೊಟ್ಟೆಯೂ ಉಳಿದೀತೆಂದು ಹೊಸ ಗುಳಿಗೆಗಳು ಬಂದವು. ಹೊಟ್ಟೆಯ ಮಟ್ಟಿಗೆ ಎಣಿಕೆ ಬಹುಮಟ್ಟಿಗೆ ಸರಿಯಾಯಿತು. ಆದರೆ ರಕ್ತನಾಳದ ಒಳಗೋಡೆಯು ಕಿರುಬಿಲ್ಲೆಗಳಿಗೆ "ಇಲ್ಲಿ ಕೂಡಬೇಡಿ" ಎಂದು ಕಳುಹಿಸುವ ಓಲೆಯನ್ನು ಬರೆಯುವವನು ಬಹುಪಾಲು ಆ ಹಂಗಾಮಿಯೇ ಆಗಿದ್ದನು. ಕೂಡಿರೆಂಬ ಕರೆ ಉಳಿದು, ಕೂಡಬೇಡಿರೆಂಬ ಕರೆ ಅಡಗಿತು. ರೋಫೆಕಾಕ್ಸಿಬ್ ಎಂಬ ಗುಳಿಗೆಯನ್ನು ಹೃದಯಾಘಾತಗಳ ಕಾರಣದಿಂದ 2004ರಲ್ಲಿ ಮಾರುಕಟ್ಟೆಯಿಂದ ಹಿಂತೆಗೆದುಕೊಳ್ಳಬೇಕಾಯಿತು.

ರಾಮನಗರದ ಹದ್ದುಗಳು

ಮೂತ್ರಪಿಂಡದ ವಿಷಯವನ್ನು ಹೇಳಲು ನಾನು ವಾರ್ಡನ್ನು ಬಿಟ್ಟು ರಾಮದೇವರ ಬೆಟ್ಟದ ಬಂಡೆಗಳ ಕಡೆಗೆ ನಿಮ್ಮನ್ನು ಕರೆದೊಯ್ಯುತ್ತೇನೆ. ಉದ್ದಕೊಕ್ಕಿನ ರಣಹದ್ದುಗಳು ಗೂಡುಕಟ್ಟುವ ಆ ಬೆಟ್ಟವನ್ನು 2012ರಲ್ಲಿ ರಣಹದ್ದುಗಳ ಧಾಮವೆಂದು ಘೋಷಿಸಲಾಯಿತು. ಘೋಷಿಸುವ ವೇಳೆಗೆ ಅಲ್ಲಿ ಉಳಿದಿದ್ದವು ಬೆರಳೆಣಿಕೆಯ ಹಕ್ಕಿಗಳು. 1990ರ ದಶಕದಿಂದೀಚೆಗೆ ಭರತಖಂಡದ ಮೂರು ಜಾತಿಯ ರಣಹದ್ದುಗಳು ನೂರಕ್ಕೆ ತೊಂಬತ್ತೈದಕ್ಕೂ ಮೀರಿ ಅಳಿದುಹೋದುವು. ಸತ್ತ ಹಕ್ಕಿಗಳನ್ನು ಸೀಳಿ ನೋಡಿದಾಗ ಒಳಗಿನ ಅಂಗಗಳ ಮೇಲೆಲ್ಲ ಸುಣ್ಣ ಬಳಿದಂತೆ ಯೂರಿಕ್ ಆಮ್ಲದ ಬಿಳಿಯ ಪುಡಿ ಕೂತಿತ್ತು, ಮೂತ್ರಪಿಂಡಗಳು ಕೆಟ್ಟುಹೋಗಿದ್ದುವು. ಕಾರಣವು 2004ರಲ್ಲಿ ಪ್ರಕಟವಾಯಿತು: ಕುಂಟುವ ದನಗಳಿಗೆ ಕೊಡುತ್ತಿದ್ದ ಡೈಕ್ಲೊಫೆನಾಕ್. ಸತ್ತ ದನದ ಮಾಂಸದಲ್ಲಿ ಉಳಿದಿದ್ದ ಅಲ್ಪಾಂಶವೇ ಹದ್ದಿಗೆ ವಿಷವಾಗಿತ್ತು. ದನಗಳಿಗೆ ಅದನ್ನು ಕೊಡುವುದನ್ನು ಭಾರತವು 2006ರಲ್ಲಿ ನಿಷೇಧಿಸಿತು.

ಮನುಷ್ಯನು ಹದ್ದಿನಷ್ಟು ದುರ್ಬಲನಲ್ಲ. ಆರೋಗ್ಯವಂತನ ಮೂತ್ರಪಿಂಡವು ಎರಡು ದಿನದ ಗುಳಿಗೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಆದರೆ ಭೇದಿಯಿಂದಲೋ ಬಿಸಿಲಿನಿಂದಲೋ ದೇಹದ ನೀರು ಬತ್ತಿದಾಗ, ಹೃದಯವು ಸೋತಾಗ, ಮೂತ್ರಪಿಂಡಕ್ಕೆ ನೀರುಣಿಸುವ ತೂಬನ್ನು ತೆರೆದಿಡುವುದು ಮುಖ್ಯವಾಗಿ ನೆರೆಯೋಲೆಯೇ. ಅಂತಹ ಹೊತ್ತಿನಲ್ಲಿ ಕರಣಿಕನ ಕೈ ಕಟ್ಟಿದರೆ ತೂಬು ಇಳಿದು, ಮೂತ್ರದ ಪ್ರಮಾಣ ಕುಗ್ಗಿ, ಕಾಲು ಊದಿಕೊಳ್ಳುತ್ತದೆ. ಮೂತ್ರ ಇಳಿಸುವ ಗುಳಿಗೆ, ರಕ್ತದೊತ್ತಡಕ್ಕೆ ಕೊಡುವ ಎನಲಾಪ್ರಿಲ್, ಲೊಸಾರ್ಟನ್ ಇತ್ಯಾದಿ, ಇವುಗಳ ಜೊತೆಗೆ ನೋವಿನ ಗುಳಿಗೆಯೂ ಕೂಡಿದ ವೃದ್ಧರನ್ನು ಕಂಡಾಗ ನಿಮ್ಮ ಕಣ್ಣು ಮೂತ್ರದ ಅಳತೆಯ ಮೇಲಿರತಕ್ಕದ್ದು.

ಮಿಕ್ಕ ಎಚ್ಚರಿಕೆಗಳು ಈ ಒಂದೇ ಬೇರಿನಿಂದ ಚಿಗುರುತ್ತವೆ. ಓಲೆಯಾಗಬೇಕಿದ್ದ ಕೊಬ್ಬು ಬೇರೆ ದಾರಿ ಹಿಡಿದು ಶ್ವಾಸನಾಳವನ್ನು ಬಿಗಿಯುವ ಪದಾರ್ಥವಾಗುವುದರಿಂದ ಕೆಲವು ಉಬ್ಬಸದ ರೋಗಿಗಳಿಗೆ ಈ ಗುಳಿಗೆ ಆಗದು. ಒಡಲಿನ ಕೂಸಿನ ಹೃದಯದ ಬಳಿಯಲ್ಲಿ ಜನನದವರೆಗೆ ತೆರೆದಿರಬೇಕಾದ ನಾಳವೊಂದನ್ನು ಇದೇ ಓಲೆ ತೆರೆದಿಡುವುದರಿಂದ ತುಂಬುಗರ್ಭಿಣಿಗೂ ಆಗದು. ಡೆಂಗಿಯಲ್ಲಿ ಕಿರುಬಿಲ್ಲೆಗಳು ಮೊದಲೇ ಕುಂದಿರುವಾಗ ಉಳಿದವನ್ನು ಮೂಕಗೊಳಿಸುವುದು ಸಲ್ಲದು. ಆ ಜ್ವರಕ್ಕೆ ಪ್ಯಾರಾಸಿಟಮಾಲ್ ಒಂದೇ. ಜ್ವರದ ಮಕ್ಕಳಿಗೆ ಆಸ್ಪಿರಿನ್ ಕೊಡಬಾರದೆಂಬುದಕ್ಕೆ ಮಾತ್ರ ಕಾರಣ ಬೇರೆ: ಯಕೃತ್ತನ್ನೂ ಮಿದುಳನ್ನೂ ಕೆಡಿಸುವ, 1963ರಲ್ಲಿ ಆಸ್ಟ್ರೇಲಿಯದ ಡಗ್ಲಸ್ ರೈ ವಿವರಿಸಿದ ವಿರಳ ವ್ಯಾಧಿಯ ಭಯ.

ಪ್ಯಾರಾಸಿಟಮಾಲ್ ಮುಖ್ಯವಾಗಿ ಮಿದುಳಿನಲ್ಲಿ ಕೆಲಸಮಾಡುತ್ತದೆ. ಜಠರಕ್ಕೂ ಕಿರುಬಿಲ್ಲೆಗೂ ಬಹುಮಟ್ಟಿಗೆ ನಿರಪಾಯಕರ. ಅದರ ಅಪಾಯವಿರುವುದು ಯಕೃತ್ತಿನಲ್ಲಿ. ಅದು ಒಡೆಯುವಾಗ ಹುಟ್ಟುವ ಅಲ್ಪ ವಿಷವನ್ನು ಯಕೃತ್ತು ತನ್ನ ಉಗ್ರಾಣದ ಒಂದು ಪದಾರ್ಥದಿಂದ ತಣಿಸುತ್ತದೆ. ಉಗ್ರಾಣ ಬರಿದಾದ ಮೇಲೆ ವಿಷವು ಯಕೃತ್ತನ್ನೇ ತಿನ್ನುತ್ತದೆ. ವಯಸ್ಕರಿಗೆ ದಿನಕ್ಕೆ 4 ಗ್ರಾಮನ್ನು ಮೀರಬಾರದೆಂಬ ಕಟ್ಟು ಅದಕ್ಕಾಗಿ. ನೆಗಡಿಯ ಗುಳಿಗೆಯಲ್ಲಿ, ಮೈಕೈನೋವಿನ ಗುಳಿಗೆಯಲ್ಲಿ ಬೇರೆ ಬೇರೆ ಹೆಸರುಗಳ ಮರೆಯಲ್ಲಿ ಇದೇ ಅಡಗಿರುವುದರಿಂದ, ಪಟ್ಟಿಯ ಹಿಂಬದಿಯ ಸಣ್ಣಕ್ಷರವನ್ನು ಓದಿ ಕೂಡಿಸಿ ನೋಡುವುದು ನಿಮ್ಮ ಕೆಲಸ.

ಮತ್ತೆ ಆ ಮಂಚದ ಬಳಿ

ಮರುದಿನ ಬೆಳಗಿನ ಪಾಠವನ್ನು ಬದಿಗಿಟ್ಟು ನಾನು ತರಗತಿಯಲ್ಲಿ ಶಾನುಭೋಗನ ಕಥೆಯನ್ನೇ ಹೇಳಿದೆ. ಸಂಜೆ ಅದೇ ವಿದ್ಯಾರ್ಥಿನಿ ತಟ್ಟೆ ಹಿಡಿದು ಅಜ್ಜಿಯ ಬಳಿಗೆ ಹೋಗಿ, "ಅಜ್ಜಿ, ನಿನ್ನೆ ನೀವು ಕೇಳಿದ್ದಕ್ಕೆ ಉತ್ತರ ತಂದಿದೀನಿ" ಎಂದು ಮಂಚದ ಅಂಚಿನಲ್ಲಿ ಕುಳಿತು, ತೂಬು, ಗೋಡೆ, ಓಲೆಗಳನ್ನೆಲ್ಲ ಅಜ್ಜಿಯ ಮಾತಿನಲ್ಲಿಯೇ ವಿವರಿಸಿದಳು. ಅಜ್ಜಿ ಕೊಂಚ ಹೊತ್ತು ಸುಮ್ಮನಿದ್ದು, ತಲೆದಿಂಬಿನ ಅಡಿಯಿಂದ ಎಲೆಯಡಿಕೆಯ ಸಂಚಿಯನ್ನು ಎಳೆದು, ಸುಣ್ಣದ ಡಬ್ಬಿಯ ಪಕ್ಕದಲ್ಲಿ ಮಡಿಸಿಟ್ಟಿದ್ದ ಗುಳಿಗೆಯ ಪಟ್ಟಿಯೊಂದನ್ನು ಹೊರತೆಗೆದಳು. "ಹಂಗಾರೆ ಇದೂ ಅವ್ನ ಕೈಯೇ ಕಟ್ತದಾ? ಮಗ ಅಂಗ್ಡಿಯಿಂದ ತಂದ್ಕೊಟ್ಟಿದ್ದ. ಎಲ್ಡು ತಿಂಗ್ಳಿಂದ ನುಂಗ್ತಾ ಇವ್ನಿ, ಇಲ್ಲಿ ಬಂದ್ಮೇಲೂವೆ."

ಹುಡುಗಿ ಪಟ್ಟಿಯನ್ನು ದೀಪದ ಕಡೆಗೆ ತಿರುಗಿಸಿ ಹಿಂಬದಿಯ ಅಕ್ಷರಗಳನ್ನು ಓದಿದಳು. ಡೈಕ್ಲೊಫೆನಾಕ್ ಮತ್ತು ಪ್ಯಾರಾಸಿಟಮಾಲ್. ತಟ್ಟೆಯಲ್ಲಿ ಅವಳು ತಂದಿದ್ದ ಗುಳಿಗೆಯೂ ಡೈಕ್ಲೊಫೆನಾಕೇ ಆಗಿತ್ತು.

"ಅಜ್ಜಿ, ಹೊರಕಡೆ ಕಪ್ಪಗೆ ಹೋಗ್ತಿದೆಯಾ?" ಎಂದು ಮೆಲ್ಲನೆ ಕೇಳಿದಳು.

"ನಾಕು ದಿನ್ದಿಂದ ಹಂಗೇ ಕಣವ್ವ, ಗಾಡಿ ಕೀಲೆಣ್ಣೆ ಇದ್ದಂಗೆ. ಯಾರೂ ಕೇಳ್ನಿಲ್ಲ, ನಾನೂ ಯೋಳ್ನಿಲ್ಲ."

ಹುಡುಗಿ ಗುಳಿಗೆಯನ್ನು ತಟ್ಟೆಗೆ ಹಿಂದಿರುಗಿಸಿ, ಅಜ್ಜಿಯ ಕಣ್ಣಿನ ಕೆಳರೆಪ್ಪೆಯನ್ನು ಬೆರಳಿನಿಂದ ಎಳೆದು ಅದರ ಬಿಳುಪನ್ನು ನೋಡಿ, ನಾಡಿ ಎಣಿಸಿ ಬರೆದುಕೊಂಡು, ಡಾಕ್ಟರನ್ನು ಕರೆತರಲು ನಡೆದಳು.